ವಾಸಿಯಾಗೋವರೆಗೆ

ಸಂಕ್ರಾಂತಿ ಕಳೆದು ಹುಣಸೆಹಣ್ಣಿನ ಕಾಲ ಬಂತೆಂದರೆ ಗುಬ್ಬಿಯ ಆ ಬೀದಿಯಲ್ಲಿ ಹಗಲೆಲ್ಲ ಒಂದೇ ಸದ್ದು. ತುಮಕೂರಿನ ಮಂಡಿಯವರು ಮೂಟೆಗಟ್ಟಲೆ ಹಣ್ಣು ತಂದು ಮನೆಮನೆಗೆ ಹಾಕಿ ಹೋಗುತ್ತಿದ್ದರು. ಹೆಂಗಸರು ಜಗಲಿಯ ಮೇಲೆ ಸಾಲಾಗಿ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿದು, ಸಿಪ್ಪೆ ಬೇರೆ, ನಾರು ಬೇರೆ, ಬೀಜ ಬೇರೆ ಮಾಡುತ್ತಿದ್ದರು. ಬಾಯಿಗೆ ಬೇಕಾದಷ್ಟು ಮಾತು. ಕೈ ಮಾತ್ರ ನಿಲ್ಲುವಂತಿಲ್ಲ. ಆ ಸಾಲಿನಲ್ಲಿ ಚನ್ನೇಶನ ಹೆಂಡತಿ ಗಂಗಾಂಬಿಕೆಯ ಸುತ್ತಿಗೆ ಬೀಳುತ್ತಿದ್ದ ರೀತಿಯೇ ಬೇರೆ. ಗೋಡೆ ಗಡಿಯಾರದ ಹಾಗೆ, ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಅಷ್ಟೇ ಬಿಡುವು. ಗಂಗಕ್ಕ ಕುಟ್ಟೋದು ಕೇಳ್ತಾ ಕೂತ್ರೆ ನಿದ್ದೆ ಬಂದ್ಬಿಡುತ್ತೆ ಎಂದು ಪಕ್ಕದ ಮನೆಯ ಶಶಿರೇಖಾ ತಮಾಷೆ ಮಾಡುತ್ತಿದ್ದಳು.

ಕೈ ಹಾಗೆ ಸಮವಾಗಿ ಬೀಳುತ್ತಿರುವಾಗಲೇ ಎಷ್ಟೋ ಸಲ ಗಂಗಾಂಬಿಕೆಯ ಎದೆ ಲಂಗುಲಗಾಮಿಲ್ಲದೆ ಓಡುತ್ತಿರುತ್ತಿತ್ತು. ಅದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದ ಹಾಗೆ ಇರುವುದನ್ನು ಅವಳು ಕಲಿತುಕೊಂಡಿದ್ದಳು.

ಅದು ಶುರುವಾಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಬಗ್ಗಿ ಕಸ ತೆಗೆಯುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಸುಮ್ಮನೆ ಕೂತಿರುವಾಗಲೂ ಸ್ವಿಚ್ಚು ಹಾಕಿದ ಹಾಗೆ ಎದೆ ದಡದಡ ಎನ್ನಲು ತೊಡಗುತ್ತಿತ್ತು. ಸೆರಗು ಅದುರುವುದು ಅವಳ ಕಣ್ಣಿಗೇ ಕಾಣುತ್ತಿತ್ತು. ಕತ್ತಿನ ನರ ಕುಣಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ಅಂಗೈ ತಣ್ಣಗೆ ಬೆವರುತ್ತಿತ್ತು. ಒಂದಷ್ಟು ಹೊತ್ತು ಹಾಗೆ ಓಡಿ ಓಡಿ, ಶುರುವಾದ ಹಾಗೆಯೇ ಸ್ವಿಚ್ಚು ಆರಿಸಿದಂತೆ ಥಟ್ಟನೆ ನಿಂತುಬಿಡುತ್ತಿತ್ತು. ಆಮೇಲೆ ಬಚ್ಚಲಿಗೆ ಓಡಬೇಕು, ನೀರು ಕುಡಿಯಬೇಕು, ಎಲ್ಲಾದರೂ ಒರಗಬೇಕು. ಅಷ್ಟೆ. ಯಡಿಯೂರಿನ ಹತ್ತಿರದ ತೌರಿನಲ್ಲಿ, ಹೈಸ್ಕೂಲಿಗೆ ಹೋಗುವ ದಿನಗಳಲ್ಲಿ ಒಂದೆರಡು ಸಲ ಹೀಗಾಗಿದ್ದಾಗ ಪರೀಕ್ಷೆಯ ಭಯ ಎಂದುಕೊಂಡಿದ್ದಳು. ತೊಂಬತ್ತೊಂದರಲ್ಲಿ ಮದುವೆಯಾಗಿ ಗುಬ್ಬಿಗೆ ಬಂದ ಮೇಲೆ ಅದು ಮೇಲಿಂದ ಮೇಲೆ ಬರತೊಡಗಿತು. ಹೊಸ ಮನೆ, ಹೊಸ ಜನ, ಅದಕ್ಕೇ ಇರಬೇಕು ಎಂದುಕೊಂಡಳು.

ಮೊದಲು ಕಂಡುಹಿಡಿದವರು ಅತ್ತೆ ಸಿದ್ದಗಂಗಮ್ಮ. ಗಂಡ ತೀರಿದ ಮೇಲೆ ಮನೆ, ಮಠ, ಪೂಜೆ ಇಷ್ಟರಲ್ಲೇ ದಿನ ಕಳೆದ ಹೆಂಗಸು. ಬಾಯಿ ಜೋರು, ಮನಸ್ಸು ಮೆತ್ತಗೆ. ಒಂದು ಬೆಳಗ್ಗೆ ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿರುವುದನ್ನು ನೋಡಿ ಹತ್ತಿರ ಬಂದು ಎದೆಯ ಮೇಲೆ ಕೈಯಿಟ್ಟರು. ಇಟ್ಟ ಕೈ ಹಾಗೇ ತೆಗೆದರು. ಏನೂ ಕೇಳದೆ ಅವಳನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದರು.

ಆ ಮನೆಯಲ್ಲಿ ಎಲ್ಲರ ಎದೆಯ ಮೇಲೂ ಲಿಂಗ. ಸ್ನಾನವಾದ ಮೇಲೆ ಅದನ್ನು ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ತೆಗೆದು, ಎಡಗೈಯ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತ ಕೂರುವುದು ಸಿದ್ದಗಂಗಮ್ಮ ಪಾಲಿಸಿಕೊಂಡು ಬಂದ ಪದ್ಧತಿ. ಅವತ್ತು ಸೊಸೆಗೂ ಹಾಗೇ ಮಾಡಿಸಿದರು. ಅವಳು ಉಸಿರು ಹಿಡಿದು ಕೂತಿದ್ದಾಗ ಚೊಂಬಿನಲ್ಲಿದ್ದ ತಣ್ಣೀರನ್ನು ಮುಖದ ಮೇಲೆ ಎರಚಿದರು. ಎದೆ ಒಂದು ಸಲ ಮುಗ್ಗರಿಸಿ ನೆಟ್ಟಗಾಯಿತು.

ಆಮೇಲೆ ಅದೇ ರೂಢಿಯಾಯಿತು. ಎದೆ ಓಡಿದಾಗಲೆಲ್ಲ ಮಣೆ, ಲಿಂಗ, ಬಿಗಿಹಿಡಿದ ಉಸಿರು, ಚೊಂಬಿನ ನೀರು. ಹತ್ತು ಸಲಕ್ಕೆ ಎಂಟು ಸಲವಾದರೂ ನಿಲ್ಲುತ್ತಿತ್ತು. ನಿಲ್ಲದೆ ಹೋದಾಗ ಮನಸ್ಸು ಎಲ್ಲೋ ಇಟ್ಕೊಂಡು ಕೂತ್ರೆ ಇನ್ನೇನಾಗುತ್ತೆ ಎಂದು ಅತ್ತೆ ಗದರುತ್ತಿದ್ದರು. ಬೀದಿಯಲ್ಲೆಲ್ಲ ಸಿದ್ದಗಂಗಮ್ಮನ ನಂಬಿಕೆಯ ಮಾತೇ ಮಾತು. ಅವರಿಗೂ ಅದೊಂದು ಹೆಮ್ಮೆ. ಪೂಜೆಗೆ ನಿಲ್ಲುವುದು ಕಾಯಿಲೆ ಹೇಗಾದೀತು ಎಂಬ ತೀರ್ಮಾನ ಮನೆಯಲ್ಲಿ ತಾನಾಗಿ ಆಗಿಹೋಯಿತು.

ತೊಂಬತ್ಮೂರರಲ್ಲಿ ಮಾಲಿನಿ ಹುಟ್ಟಿದಳು. ಹೆರಿಗೆಯ ಮಂಚದ ಮೇಲೆಯೇ ಗಂಗಾಂಬಿಕೆಯ ಎದೆ ಓಡಲು ಶುರುವಾಯಿತು. ಸ್ಟೆತಾಸ್ಕೋಪಿಟ್ಟು ಕೇಳಿದ ಲೇಡಿ ಡಾಕ್ಟರು ಗಾಬರಿಯಾದರು. ಹೊರಗೆ ಬಂದು, ಹಾರ್ಟು ವೀಕಿದೆ, ಇನ್ನೊಂದು ಮಗುವಿನ ಯೋಚನೆ ಬೇಡ, ಭಾರ ಎತ್ತಿಸಬೇಡಿ ಎಂದು ಚನ್ನೇಶನಿಗೆ ಹೇಳಿದರು. ಮನೆಗೆ ಕಳಿಸುವ ಮುಂಚೆ ಮಕ್ಕಳಾಗದ ಆಪರೇಷನ್ನೂ ಮಾಡಿಸಿದ್ದಾಯಿತು. ಮಾರನೇ ವಾರ ತುಮಕೂರಿಗೆ ಹೋಗಿ ಇಸಿಜಿ ತೆಗೆಸಿದರೆ ಅದು ನಾರ್ಮಲ್. ಎದೆಯ ಫೋಟೋ ತೆಗೆಸಿದರು, ಅದೂ ನಾರ್ಮಲ್. ಅಲ್ಲಿನ ಡಾಕ್ಟರು ಕಾಗದದಿಂದ ತಲೆಯೆತ್ತದೆ, ಏನೂ ಇಲ್ಲ, ಬಾಣಂತಿ ಅಲ್ವಾ, ಮನಸ್ಸಿಗೆ ಹಚ್ಕೊಂಡಿದಾರೆ ಎಂದು ನಿದ್ದೆ ಬರುವ ಮಾತ್ರೆ ಬರೆದುಕೊಟ್ಟರು.

ಮನೆಯವರು ಎರಡು ಮಾತನ್ನೂ ಇಟ್ಟುಕೊಂಡರು. ಹುಣಸೆಹಣ್ಣಿನ ಮೂಟೆ ಬಂದಾಗ ಏನೂ ಇಲ್ಲ. ಮಗು ಎತ್ತಿಕೊಳ್ಳುವಾಗ ಹಾರ್ಟು ವೀಕು. ಗಂಗಾಂಬಿಕೆ ಅದನ್ನು ಯಾರಿಗೂ ಎತ್ತಿ ಆಡಲಿಲ್ಲ. ಸತ್ಯಮಂಗಲದ ಚಿಕ್ಕ ಕಾರ್ಖಾನೆಯೊಂದರಲ್ಲಿ ನಿಂತೇ ದುಡಿದು ಸಂಜೆ ರೈಲಿಗೆ ಬರುತ್ತಿದ್ದ ಗಂಡನ ಕಾಲು ಊದಿರುತ್ತಿತ್ತು. ಅವನ ಮುಂದೆ ಏನು ಹೇಳುವುದು?

ಮಾಲಿನಿಗೆ ಎಂಟು ತಿಂಗಳು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಾಗ ಅದು ಬಂತು. ಕೂತುಕೊಳ್ಳೋಣ ಎಂದು ಬಗ್ಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಮಗು ಕಿರುಚುತ್ತಿತ್ತು. ಹುಬ್ಬಿನ ಮೇಲೆ ಸೀಳಿ ರಕ್ತ ಕೆನ್ನೆಗೆ ಇಳಿದಿತ್ತು. ಗಾಯ ದೊಡ್ಡದಲ್ಲ, ಎರಡು ಹೊಲಿಗೆಗೆ ಮುಗಿಯಿತು. ಸಿದ್ದಗಂಗಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ವರ್ಷ ಅವಳಿಗೆ ಅನ್ನಿಸುತ್ತಿತ್ತು.

ಆ ಭಾನುವಾರ ಕುಣಿಗಲ್ಲಿನಿಂದ ಚನ್ನೇಶನ ಅಕ್ಕ ಸ್ವರ್ಣಲತಾ ಬಂದರು. ಗಂಡ ಮಹಾದೇವಯ್ಯ ಅಲ್ಲಿ ಸ್ಕೂಲು ಮೇಷ್ಟ್ರು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಮಗುವಿನ ಹುಬ್ಬಿನ ಪಟ್ಟಿ ನೋಡಿ ಸ್ವರ್ಣಕ್ಕ ಕಣ್ಣೊರೆಸಿಕೊಂಡರು. ಸಂಜೆ ಕಾಫಿ ಕುಡಿಯುವಾಗ ಸಿದ್ದಗಂಗಮ್ಮ ಸೊಸೆಯ ಮುಖ ನೋಡದೆ ಮಾತು ತೆಗೆದರು.

"ಸ್ವರ್ಣ ಕರ್ಕೊಂಡೋಗ್ಲಿ ಕಣೇ ಗಂಗಾ. ಶಾಶ್ವತಕ್ಕಲ್ಲ. ನಿಂಗೆ ವಾಸಿಯಾಗೋವರೆಗೆ."

ಅವಳು ತಲೆ ಆಡಿಸಿದಳು. ಆ ಗಾಯ ಕಣ್ಣಮುಂದೆ ಇರುವಾಗ ಬೇಡ ಎನ್ನುವ ಬಾಯಿ ಯಾವ ತಾಯಿಗೆ ಇದ್ದೀತು? ಮಗುವಿನ ಬಟ್ಟೆಯನ್ನು ತಾನೇ ಮಡಿಸಿ ಚೀಲಕ್ಕೆ ಹಾಕಿದಳು. ಬೆಲ್ಲದ ನೀರು ಕುಡಿಯಲ್ಲ, ಕಲ್ಲುಸಕ್ಕರೆ ಹಾಕಿದ್ರೆ ಕುಡಿತಾಳೆ ಎಂದು ಹೇಳಿಕೊಟ್ಟಳು. ಬಸ್ಸು ಹೋದ ಮೇಲೆ ಎದೆ ಹಾಲಿನಿಂದ ಕಲ್ಲಾಗಿತ್ತು. ಎದೆಗೆ ಬಿಳಿ ಮಲ್ಲಿಗೆಯ ದಂಡೆ ಕಟ್ಟಿ ಶಶಿರೇಖಾ ಹಾಲು ಬತ್ತಿಸಿದಳು.

ವಾಸಿಯಾಗೋವರೆಗೆ ಎನ್ನುವ ಆ ಒಂದು ಮಾತಿಗೆ ಗಂಗಾಂಬಿಕೆ ತನ್ನನ್ನು ಕಟ್ಟಿಹಾಕಿಕೊಂಡಳು. ಆದರೆ ಕಾಯಿಲೆ ಇದೆ ಎಂದು ಯಾರೂ ಬರೆದುಕೊಡದಿದ್ದರೆ ವಾಸಿಯಾಯಿತು ಎಂದು ಬರೆದುಕೊಡುವವರು ಯಾರು? ಗುಬ್ಬಿಯಲ್ಲಿ ತೋರಿಸಿದಳು, ತುಮಕೂರಿನಲ್ಲಿ ತೋರಿಸಿದಳು. ಎದೆ ಓಡಿದಾಗ ಅತ್ತೆ ಮೊದಲು ಮಣೆ ಹಾಕುತ್ತಿದ್ದರು; ಅದು ನಿಂತ ಮೇಲೆ, ಸುಸ್ತು ಕಳೆದ ಮೇಲೆ, ಸೀರೆ ಬದಲಾಯಿಸಿಕೊಂಡು ಆಸ್ಪತ್ರೆಗೆ ಹೊರಡುತ್ತಿದ್ದರು. ಮಂಚದ ಮೇಲೆ ಮಲಗಿ ಇಸಿಜಿ ಹಾಕಿಸಿಕೊಳ್ಳುವ ಹೊತ್ತಿಗೆ ಅವಳ ಎದೆ ಹೂವಿನಂತಿರುತ್ತಿತ್ತು. ನಾರ್ಮಲ್, ನಾರ್ಮಲ್, ನಾರ್ಮಲ್. ಚನ್ನೇಶ್ ಆ ಕಾಗದಗಳನ್ನು ಟ್ರಂಕಿನಲ್ಲಿಡುತ್ತ, "ಇಷ್ಟು ಜನ ಡಾಕ್ಟ್ರು ಸುಳ್ಳು ಹೇಳ್ತಾರೇನೇ?" ಎಂದು ಕೇಳಿದ ದಿನದಿಂದ ಅವಳು ಎದೆ ಓಡಿದರೂ ಹೇಳುವುದನ್ನು ಬಿಟ್ಟಳು. ಸುತ್ತಿಗೆಯನ್ನು ಸಮವಾಗಿ ಬೀಳಿಸುವುದು ಕಲಿತದ್ದು ಆಗಲೇ. ಏನೂ ಆಗುತ್ತಿಲ್ಲ ಎಂದು ವರ್ಷ ವರ್ಷ ತೋರಿಸಿಕೊಟ್ಟರೆ ಒಂದು ದಿನ ಮಗುವನ್ನು ಕಳಿಸಿಕೊಟ್ಟಾರು ಎಂಬ ಆಸೆ. ಅದೂ ಫಲಿಸಲಿಲ್ಲ. ಎಲ್ಲಾದರೂ ಒಂದು ಕಡೆ, ಮದುವೆಮನೆಯಲ್ಲೋ ಬೀದಿ ನಲ್ಲಿಯ ಹತ್ತಿರವೋ ಮುಖ ಬಿಳಿಚಿ ಕೂತುಬಿಡುತ್ತಿದ್ದಳು. ಸುದ್ದಿ ಕುಣಿಗಲ್ಲಿಗೆ ಮುಟ್ಟುತ್ತಿತ್ತು.

ಹಬ್ಬಕ್ಕೊಮ್ಮೆ ಅವಳೇ ಕುಣಿಗಲ್ಲಿಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಕೆರೆಯ ಕಡೆಯ ಬೀದಿಯಲ್ಲಿ ಸ್ವರ್ಣಕ್ಕನ ಮನೆ. ಮಾಲಿನಿ ಮೊದಲು ತೆವಳಿಕೊಂಡು, ಆಮೇಲೆ ನಡೆದುಕೊಂಡು, ಆಮೇಲೆ ಜಡೆ ಹಾಕಿಕೊಂಡು ಎದುರು ಬಂದಳು. ಸ್ವರ್ಣಕ್ಕನನ್ನು ಅಮ್ಮ ಎಂದಳು, ಮಹಾದೇವಯ್ಯನನ್ನು ಅಪ್ಪಾಜಿ ಎಂದಳು. ಗಂಗಾಂಬಿಕೆಯನ್ನು ಗುಬ್ಬಿ ಅಮ್ಮ. ಹೆತ್ತವಳು ಯಾರು ಎಂಬುದನ್ನು ಸ್ವರ್ಣಕ್ಕ ಮುಚ್ಚಿಡಲಿಲ್ಲ. ಆದರೆ ಮಗುವಿಗೆ ಒಂದು ಎಚ್ಚರಿಕೆ ಹೇಳಿಕೊಟ್ಟಿದ್ದರು: ಗುಬ್ಬಿ ಅಮ್ಮನಿಗೆ ಎದೆ ಹುಷಾರಿಲ್ಲ, ಮೇಲೆ ಬಿದ್ದು ಆಡಬಾರದು, ಹತ್ತಿರ ಕಿರುಚಬಾರದು. ಒಳ್ಳೆಯದಕ್ಕೇ ಹೇಳಿದ್ದು. ಅದಕ್ಕೇ ಮಾಲಿನಿ ಗಾಜಿನ ಲೋಟ ನೋಡುವ ಹಾಗೆ ದೂರ ನಿಂತು ನೋಡುತ್ತಿದ್ದಳು. ಹುಬ್ಬಿನ ಮೇಲೆ ಕೂದಲು ಹುಟ್ಟದ ಸಣ್ಣ ಗೆರೆ. ಗಂಗಾಂಬಿಕೆಯ ಕಣ್ಣು ಮಾತಾಡುವಾಗಲೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಎರಡು ಸಾವಿರದ ಎರಡರ ಮಳೆಗಾಲದಲ್ಲಿ ಶಶಿರೇಖಾ ತನ್ನ ಮಾವನನ್ನು ತೋರಿಸಲು ತುಮಕೂರಿನ ಬಿ.ಎಚ್. ರಸ್ತೆಯ ಡಾಕ್ಟರ್ ಲಕ್ಷ್ಮೀಕಾಂತರ ಹತ್ತಿರ ಹೋಗುವಾಗ ಗಂಗಾಂಬಿಕೆಯನ್ನೂ ಬಲವಂತವಾಗಿ ಕರೆದುಕೊಂಡು ಹೋದಳು. ಆ ಡಾಕ್ಟರಿಗೆ ವಯಸ್ಸು ಹೆಚ್ಚಿಲ್ಲ. ಹಳೆಯ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು, ಹೇಗೆ ಶುರುವಾಗುತ್ತೆ ಎಂದರು. ಸ್ವಿಚ್ಚು ಹಾಕಿದ ಹಾಗೆ ಎಂದಳು. ಹೇಗೆ ನಿಲ್ಲುತ್ತೆ? ಅವಳು ಮಣೆ, ಲಿಂಗ, ಉಸಿರು, ಚೊಂಬಿನ ನೀರು ಎಲ್ಲವನ್ನೂ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡಿ ಅಮ್ಮ, ಅದು ಓಡ್ತಾ ಇರೋವಾಗ್ಲೇ ನಂಗೆ ಇಸಿಜಿ ಸಿಗ್ಬೇಕು. ನಿಂತ್ಮೇಲೆ ಬಂದ್ರೆ ನಂಗೂ ಏನೂ ಕಾಣಲ್ಲ. ಮುಂದಿನ ಸಲ ಉಸಿರು ಹಿಡೀಬೇಡಿ, ತಣ್ಣೀರು ಮುಟ್ಬೇಡಿ. ಯಾರಾದ್ರೂ ಜೊತೇಲಿ ಇರ್ಲಿ. ಹಾಗೇ ತಗೊಂಡ್ ಬನ್ನಿ."

ತಗೊಂಡು ಬನ್ನಿ ಎಂದರೆ? ಎದೆಯೊಳಗೆ ಓಡುವುದನ್ನು ಬಿಂದಿಗೆಯ ನೀರಿನ ಹಾಗೆ ತುಳುಕದೆ ಗುಬ್ಬಿಯಿಂದ ತುಮಕೂರಿಗೆ ತರಬೇಕು.

ಸಿದ್ದಗಂಗಮ್ಮನಿಗೆ ಇದು ಹಿಡಿಸಲಿಲ್ಲ. "ಪೂಜೆ ಮಾಡ್ಬೇಡ ಅನ್ನೋ ಡಾಕ್ಟ್ರು ಎಂಥ ಡಾಕ್ಟ್ರೇ?" ಎಂದರು. ಪೂಜೆ ಬೇಡ ಎಂದಿಲ್ಲ, ಆ ಹೊತ್ತಿಗೆ ಮಾತ್ರ ಬೇಡ ಎಂದಿದ್ದಾರೆ ಎಂದು ಸೊಸೆ ವಿವರಿಸಿದಳು. ಅವರು ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ತಾವೇ ಒಂದು ಚೀಲದಲ್ಲಿ ಟವಲು, ಬಸ್ಸಿನ ಚಿಲ್ಲರೆ, ಸೊಸೆಯ ಒಂದು ಸೀರೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

ಮೊದಲ ಸಲ ಕೈಗೆ ಬಂದದ್ದು ಜಾರಿಹೋಯಿತು. ಬಸ್ಸು ಮಲ್ಲಸಂದ್ರ ದಾಟುವಾಗ ಹಂಪಿನ ಮೇಲೆ ಎಗರಿತು. ಗಂಗಾಂಬಿಕೆಗೆ ಕೆಮ್ಮು ಬಂತು. ಕೆಮ್ಮಿದ ಕೂಡಲೇ ಎದೆ ನೆಟ್ಟಗಾಯಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಏನಾಯ್ತಮ್ಮ ಎಂದು ಕಂಡಕ್ಟರು ವಿಚಾರಿಸಿದ. ಹುಷಾರಾಗಿಬಿಟ್ಟಳು ಕಣಪ್ಪ ಎಂದರು ಸಿದ್ದಗಂಗಮ್ಮ. ಹುಷಾರಾಗಿದ್ದಕ್ಕೆ ಅಳುವವರನ್ನು ಅವನು ಅವತ್ತೇ ಮೊದಲು ನೋಡಿರಬೇಕು.

ಮತ್ತೆ ಬಂದದ್ದು ದೀಪಾವಳಿ ಕಳೆದ ಮೇಲೆ, ಬೆಳಗ್ಗೆ ರಾಗಿ ಹಿಟ್ಟು ಜರಡಿ ಹಿಡಿಯುವಾಗ. ಜರಡಿಯನ್ನು ಅಲ್ಲೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಮೊಳೆಯ ಚೀಲ ತೆಗೆದುಕೊಂಡರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಗಂಗಾಂಬಿಕೆ ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಗಾಜು ಎಳೆದಳು. ಕೆಮ್ಮಲಿಲ್ಲ, ಉಗುಳು ನುಂಗಲಿಲ್ಲ, ಮಾತಾಡಲಿಲ್ಲ. ಹಿಂದೆಲ್ಲ ಒಂದೊಂದು ಸಲವೂ ನಿಲ್ಲು ನಿಲ್ಲು ಎಂದು ಬೇಡಿಕೊಂಡ ಅದೇ ಎದೆಗೆ ಈಗ ಓಡು ಎಂದು ಬೇಡಿಕೊಳ್ಳುತ್ತಿದ್ದಳು. ಹೆಗ್ಗೆರೆ ಬರುವ ಹೊತ್ತಿಗೆ ತುಟಿ ಬೆಳ್ಳಗಾಗಿತ್ತು, ಕುಪ್ಪಸ ಬೆನ್ನಿಗೆ ಅಂಟಿತ್ತು. ಪಕ್ಕದಲ್ಲಿ ಸಿದ್ದಗಂಗಮ್ಮನ ಕೈ ಸುಮ್ಮನಿರಲಾರದೆ ಅವಳ ಕತ್ತಿನ ಶಿವದಾರದ ತನಕ ಹೋಗಿ ಹಿಂದಕ್ಕೆ ಬರುತ್ತಿತ್ತು. ಕೊನೆಗೆ ತಡೆಯಲಾಗಲಿಲ್ಲ.

"ನನ್ ಕೈಲಿ ನೋಡಕ್ಕಾಗ್ತಿಲ್ಲ ಕಣೇ. ಒಂದೇ ಒಂದ್ ಸಲ ಕೈಲಿ ಹಿಡ್ಕೋ, ನಿಂತೋಗುತ್ತೆ. ಡಾಕ್ಟ್ರು ಹಾಳಾಗೋಗ್ಲಿ."

ಗಂಗಾಂಬಿಕೆ ಅತ್ತೆಯ ಕೈ ಹಿಡಿದು ತನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡಳು. "ನಿಲ್ಲಿಸ್ಬೇಡಿ ಅತ್ತೆ," ಎಂದಳು, ಉಸಿರಿಗಿಂತ ಮೆಲ್ಲಗೆ. "ಇದು ನಿಂತೋದ್ರೆ ನನ್ ಮಗು ಬರಲ್ಲ."

ಸಿದ್ದಗಂಗಮ್ಮ ಮುಖ ಆ ಕಡೆ ತಿರುಗಿಸಿಕೊಂಡರು. ಆದರೆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಆಟೋ. ಕ್ಲಿನಿಕ್ಕಿನ ಮೆಟ್ಟಿಲನ್ನು ಅತ್ತೆಯ ಹೆಗಲಿಗೆ ಜೋತುಬಿದ್ದು ಹತ್ತಿದಳು. ನರ್ಸು ಎದೆಯ ಮೇಲೆ ಬೆಳ್ಳಿ ಇದ್ದರೆ ಆಗುವುದಿಲ್ಲ, ಬಿಚ್ಚಿ ಕೊಡಿ ಎಂದಾಗ ಇಬ್ಬರೂ ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿದರು. ಲಿಂಗ ಮೈಯಿಂದ ದೂರ ಇರುವ ಹಾಗಿಲ್ಲ. ಅಂಗೈಯಲ್ಲಿಟ್ಟುಕೊಂಡರೆ ರೂಢಿಯ ಉಸಿರು ತಾನಾಗಿ ಬಿಗಿಯುತ್ತದೆ ಎಂಬ ಭಯ ಗಂಗಾಂಬಿಕೆಗೆ. ದಾರಿ ಕಂಡುಹಿಡಿದವರು ಸಿದ್ದಗಂಗಮ್ಮನೇ. ಸೊಸೆಯ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಅವಳ ತುರುಬಿನ ಸುತ್ತ ಬಳಸಿ ಕರಡಿಗೆಯನ್ನು ನೆತ್ತಿಯ ಮೇಲೆ ಕಟ್ಟಿದರು. "ಶಿರಸ್ಸಿನ ಮೇಲೆ ಇಟ್ಕೊಳ್ಳೋದೂ ಉಂಟು. ಹಾಕಮ್ಮ ನಿನ್ ತಂತಿ," ಎಂದರು ನರ್ಸಿಗೆ.

ಮಿಷನ್ನಿನಿಂದ ಕಾಗದ ಹೊರಬಂತು. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ನಕ್ಕರು. ಗಂಗಾಂಬಿಕೆಯ ಜೀವಮಾನದಲ್ಲಿ ಅವಳ ಎದೆಯ ಕಾಗದ ನೋಡಿ ಯಾರಾದರೂ ಖುಷಿಪಟ್ಟದ್ದು ಅದೊಂದೇ ಸಲ. ಆಮೇಲೆ ಕೈಯ ನರಕ್ಕೆ ಇಂಜೆಕ್ಷನ್ ಕೊಟ್ಟರು. ಎದೆಯೊಳಗೆ ಎಲ್ಲವೂ ಒಂದು ಕ್ಷಣ ಖಾಲಿಯಾಗಿ, ಮತ್ತೆ ಸಮವಾಗಿ ಹೊಡೆಯತೊಡಗಿತು.

ಡಾಕ್ಟರು ಸಮಾಧಾನವಾಗಿ ತಿಳಿಸಿದರು. ಹೃದಯ ಗಟ್ಟಿಯಾಗಿಯೇ ಇದೆ, ಎಲ್ಲೂ ಕೆಟ್ಟಿಲ್ಲ. ಅದರೊಳಗೆ ಕರೆಂಟು ಹರಿಯುವುದಕ್ಕೆ ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿ ಇದೆ. ಒಮ್ಮೊಮ್ಮೆ ಕರೆಂಟು ಆ ದಾರಿ ಹಿಡಿದು ಸುತ್ತುತ್ತದೆ, ಆಗ ಎದೆ ಓಡುತ್ತದೆ. ಉಸಿರು ಬಿಗಿಹಿಡಿದರೆ, ತಣ್ಣೀರು ಮುಖಕ್ಕೆ ಬಿದ್ದರೆ ಆ ಸುತ್ತು ಕಡಿದು ನಿಲ್ಲುತ್ತದೆ. ಡಾಕ್ಟರುಗಳೂ ಅದನ್ನೇ ಮಾಡಿಸುವುದು. ಬೆಂಗಳೂರಿನಲ್ಲಿ ತೊಡೆಯ ನರದಿಂದ ಸಣ್ಣ ತಂತಿ ಬಿಟ್ಟು ಆ ದಾರಿಯನ್ನು ಸುಟ್ಟುಬಿಡುತ್ತಾರೆ. ಎದೆ ಕೊಯ್ಯುವುದಿಲ್ಲ. ಇವರಂಥವರಿಗೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ.

ಗಂಗಾಂಬಿಕೆ ಕೇಳಿದ್ದು ಒಂದೇ. "ಮಗು ಎತ್ಕೋಬೋದಾ ಡಾಕ್ಟ್ರೇ?"

"ಧಾರಾಳವಾಗಿ. ಎಷ್ಟು ತಿಂಗಳ ಮಗು?"

"ಒಂಬತ್ತು ವರ್ಷ."

ಅವರು ತಮಾಷೆ ಎಂದುಕೊಂಡು ನಕ್ಕರು. ಎದುರಿನ ಇಬ್ಬರೂ ನಗದಿದ್ದುದನ್ನು ಕಂಡು ಔಷಧಿ ಚೀಟಿ ಬರೆಯಲು ತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, ಆಗಲೂ ಎತ್ಕೋಬಹುದಿತ್ತು ಅಮ್ಮ, ಅದು ಶುರುವಾದ ತಕ್ಷಣ ಕೂತ್ಕೊಂಡ್ರೆ ಸಾಕಾಗ್ತಿತ್ತು, ಇನ್ನೊಂದು ಹೆರೋದಕ್ಕೂ ಅಡ್ಡಿ ಇರ್ಲಿಲ್ಲ ಎಂದರು. ಆ ಮಾತು ಕೇಳಿ ಸಿದ್ದಗಂಗಮ್ಮ ಬೆಂಚಿನ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲ.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರಿನ ಕೆಲಸ ಮುಗಿಯಿತು. ಮಲಗಿದ್ದ ಮಂಚದ ಪಕ್ಕದ ಪರದೆಯ ಮೇಲೆ ತನ್ನ ಎದೆಯ ಗೆರೆ ಓಡುವುದನ್ನು ಅವಳು ಎಚ್ಚರವಾಗಿದ್ದುಕೊಂಡೇ ನೋಡಿದಳು. ತೊಡೆಯಲ್ಲಿ ಒಂದು ಸೂಜಿ ಗಾಯ ಬಿಟ್ಟರೆ ಮೈಮೇಲೆ ಏನೂ ಉಳಿಯಲಿಲ್ಲ. ಹುಣಸೆಹಣ್ಣಿನ ಕಾಲವೆಲ್ಲ ಕಳೆಯಿತು, ಒಂದು ಸಲವೂ ಬರಲಿಲ್ಲ. ಸುತ್ತಿಗೆ ಬೀಳುವಾಗ ಎದೆಯ ಕಡೆ ಕಿವಿ ಕೊಡುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂದ ಕೂಡಲೇ ಗಂಡ ಹೆಂಡತಿ ಕುಣಿಗಲ್ಲಿಗೆ ಹೋದರು. ಸ್ವರ್ಣಕ್ಕ ಮಗುವಿನ ಬಟ್ಟೆ ಮಡಿಸಿಟ್ಟಿದ್ದರು. ನಾಳೆಯವರೆಗೂ ಬಿಚ್ಚಿಹೋಗದ ಹಾಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು. ಉಪ್ಪಿಟ್ಟಿಗೆ ಈರುಳ್ಳಿ ದಪ್ಪ ಹೆಚ್ಚಿದ್ರೆ ಆರಿಸಿಡ್ತಾಳೆ, ಸಣ್ಣಗೆ ಹೆಚ್ಚು ಎಂದರು. ಕಲ್ಲುಸಕ್ಕರೆಯ ಮಾತು ಗಂಗಾಂಬಿಕೆಗೆ ನೆನಪಾಯಿತು. ಸ್ವರ್ಣಕ್ಕನಿಗೂ ಆಗಿರಬೇಕು, ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಗುಬ್ಬಿ ಅಮ್ಮನಿಗೆ ಆಪರೇಷನ್ ಆಗಿದೆ, ಜೊತೇಲಿ ಇದ್ದು ನೋಡ್ಕೋ, ಗಲಾಟೆ ಮಾಡ್ಬೇಡ ಎಂದು ಮಾಲಿನಿಯ ತಲೆ ಸವರಿ ಕಳಿಸಿದರು. ಮಗು ಅಳದೆ ಹೊರಡಲಿ ಎಂದು ಹೇಳಿದ ಮಾತು ಅದು.

ಮಾಲಿನಿ ಅಳಲಿಲ್ಲ. ಗುಬ್ಬಿಯಲ್ಲಿ ಹೇಳಿದ್ದು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಗಂಗಾಂಬಿಕೆ ಬಿಂದಿಗೆಗೆ ಕೈ ಹಾಕಿದರೆ ಓಡಿಬಂದು, ನೀವು ಎತ್ಬೇಡಿ ಎಂದು ತಾನೇ ಅರ್ಧರ್ಧ ಹೊತ್ತು ತರುತ್ತಿದ್ದಳು. ಮಧ್ಯಾಹ್ನ ಮಲಗಿದರೆ ತುದಿಗಾಲಲ್ಲಿ ನಡೆಯುತ್ತಿದ್ದಳು. ಬೀದಿಯ ಹೆಂಗಸರು ಎಂಥ ಚಿನ್ನದಂಥ ಹುಡುಗಿ ಎಂದು ಹೊಗಳಿದರು. ಒಂದು ಸಲ ಹಟ ಮಾಡಲಿ, ಸೆರಗು ಹಿಡಿದು ಜಗ್ಗಲಿ, ಉಪ್ಪಿಟ್ಟಿನ ಈರುಳ್ಳಿ ಆರಿಸಿ ಬಿಸಾಡಲಿ ಎಂದು ಗಂಗಾಂಬಿಕೆ ಕಾದಳು. ಮಗುವಿನ ಬಟ್ಟೆಗಳನ್ನು ಬೀರುವಿನ ಒಂದು ಅರೆಯಲ್ಲಿ ಜೋಡಿಸಿದ್ದಳು. ಮಾರನೇ ದಿನ ನೋಡಿದರೆ ಎಲ್ಲವೂ ಮತ್ತೆ ಚೀಲದೊಳಗೆ. ಇನ್ನೊಮ್ಮೆ ಜೋಡಿಸಿದಳು. ಇನ್ನೊಮ್ಮೆ ಚೀಲಕ್ಕೆ ಹೋದವು. ಕೇಳಲಿಲ್ಲ. ಗುಬ್ಬಿಯ ಶಾಲೆಗೆ ಹಾಕಿಸಲು ಚನ್ನೇಶ್ ಮಾತಾಡಿ ಬಂದಿದ್ದ. ಹೊಸ ಯೂನಿಫಾರಂ ಬಟ್ಟೆ ಟೈಲರ್ ಹತ್ತಿರ ಇತ್ತು.

ಮೇ ಕೊನೆಯ ಒಂದು ಬೆಳಗ್ಗೆ ಗಂಗಾಂಬಿಕೆ ನೀರು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬೀದಿ ನಲ್ಲಿಯಿಂದ ಬಂದಳು. ಒಳಗೆ ಅವರೆಬೇಳೆ ಆರಿಸುತ್ತಿದ್ದ ಅಜ್ಜಿಯ ಹತ್ತಿರ ಮಾಲಿನಿ ಕೂತಿದ್ದಳು. ಹೊರಗೆ ಕೊಡ ಬಂದದ್ದು ಅವಳಿಗೆ ಕಾಣಲಿಲ್ಲ.

"ಅಜ್ಜಿ, ಗುಬ್ಬಿ ಅಮ್ಮಂಗೆ ಈಗ ಪೂರ್ತಿ ವಾಸಿಯಾಯ್ತಾ?"

"ಆಯ್ತು ಕಣ್ ಮಗ. ಶಿವ ಕಣ್ ಬಿಟ್ಟ."

"ಕೊಡ ಎಲ್ಲಾ ಎತ್ತಾರಾ?"

"ಹೂಂ, ಎತ್ತಾಳೆ."

ಮಗು ಸ್ವಲ್ಪ ಹೊತ್ತು ಬೇಳೆಯಲ್ಲಿ ಬೆರಳಾಡಿಸಿತು. "ಹಾಗಾದ್ರೆ ಇನ್ನು ನಾನು ಮನೆಗೆ ಹೋಗ್ಬೋದಾ ಅಜ್ಜಿ? ವಾಸಿಯಾಗೋವರೆಗೆ ಅಂದಿದ್ರು ಅಮ್ಮ."

ಸಿದ್ದಗಂಗಮ್ಮನ ಕೈ ಮೊರದ ಮೇಲೆ ನಿಂತಿತು. ತಲೆಯೆತ್ತಿದಾಗ ಹೊಸ್ತಿಲ ಆಚೆ ಸೊಸೆ ಕಂಡಳು. ಗಂಗಾಂಬಿಕೆ ಕೊಡವನ್ನು ಇಳಿಸಲಿಲ್ಲ, ಅದು ಸೊಂಟದ ಮೇಲಿರುವುದೇ ಮರೆತವಳ ಹಾಗೆ ನಿಂತಿದ್ದಳು. ನೀರು ತುಳುಕಿ ಸೀರೆಯ ನೆರಿಗೆ ನೆನೆಯುತ್ತಿತ್ತು. ಎದೆಗೆ ಏನೂ ಆಗಲಿಲ್ಲ. ಅದು ಸಮವಾಗಿಯೇ ಹೊಡೆದುಕೊಳ್ಳುತ್ತಿತ್ತು. ಹೀಗಾದಾಗಲೂ ಹೊಡೆದುಕೊಳ್ಳುತ್ತದಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಚನ್ನೇಶ್ ಒಪ್ಪಲಿಲ್ಲ. ಮಕ್ಕಳು ಹೊಸದರಲ್ಲಿ ಹಾಗೇ, ಒಂದು ವರ್ಷ ಹೋದರೆ ಸರಿಹೋಗುತ್ತಾಳೆ ಎಂದ. ಇರಬಹುದು. ಒಂದು ವರ್ಷ ಆ ಮಗು ತುದಿಗಾಲಲ್ಲಿ ನಡೆಯಬೇಕು, ಕುಣಿಗಲ್ಲಿನಲ್ಲಿ ಒಬ್ಬಳು ಯಾರಿಗೂ ಕಾಣದ ಹಾಗೆ ಹಾಲು ಬತ್ತಿಸಿಕೊಳ್ಳಬೇಕು. ಅದು ಹೇಗಿರುತ್ತದೆ ಎಂಬುದು ಗಂಗಾಂಬಿಕೆಗೆ ಗೊತ್ತಿತ್ತು. ಟೈಲರ್ ಹತ್ತಿರ ಹೋಗಿ ಕತ್ತರಿಸದೆ ಇದ್ದ ಬಟ್ಟೆಯನ್ನು ವಾಪಸು ತಂದಳು. ಚೀಲ ತುಂಬುವ ಕೆಲಸ ಏನೂ ಇರಲಿಲ್ಲ. ಅದು ತುಂಬಿಯೇ ಇತ್ತು.

ತುಮಕೂರಿನಲ್ಲಿ ಬಸ್ಸು ಬದಲಾಯಿಸಿದ ಮೇಲೆ ಮಾಲಿನಿ ಮೊದಲ ಸಲ ಒಂದೇ ಸಮ ಮಾತಾಡಿದಳು. ಅಪ್ಪಾಜಿಯ ಸೈಕಲ್ಲು, ಕೆರೆಗೆ ಬರುವ ಬಿಳಿ ಹಕ್ಕಿ, ಅಮ್ಮ ಮಾಡುವ ಗಿಣ್ಣು. ಹೆಬ್ಬೂರು ದಾಟುವ ಹೊತ್ತಿಗೆ ಮಾತು ನಿಂತು, ತಲೆ ಗಂಗಾಂಬಿಕೆಯ ತೊಡೆಗೆ ಬಂದು ಒರಗಿತು. ಹುಬ್ಬಿನ ಗೆರೆಯ ಮೇಲೆ ಅವಳು ಬೆರಳಿಟ್ಟಳು. ಮಗು ಎಚ್ಚರವಾಗಲಿಲ್ಲ.

ಕುಣಿಗಲ್ಲಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಆಟೋಗಳು ನಿಂತಿದ್ದವು. ಅವಳು ಕರೆಯಲಿಲ್ಲ. ನಿದ್ದೆಗಣ್ಣಿನಲ್ಲಿ ತೂರಾಡುತ್ತಿದ್ದ ಮಾಲಿನಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆನ್ನ ಮೇಲೆ ಹತ್ತಿಸಿಕೊಂಡು ಎದ್ದಳು. ಹತ್ತು ತುಂಬುತ್ತಿದ್ದ ಹುಡುಗಿ; ಕಾಲು ಗಂಗಾಂಬಿಕೆಯ ಮೊಣಕಾಲಿನವರೆಗೂ ಜೋತಾಡುತ್ತಿತ್ತು. ದಾರಿಯಲ್ಲಿ ಎದುರಾದವರು ಇಷ್ಟು ದೊಡ್ಡ ಮಗುವನ್ನು ಹೊತ್ತಿದ್ದಾಳಲ್ಲ ಎಂದು ತಿರುಗಿ ನೋಡಿದರು. ಕೆರೆಯ ಕಡೆಗೆ ತಿರುಗುವಲ್ಲಿ ಮಾಲಿನಿಗೆ ಎಚ್ಚರವಾಯಿತು.

"ಇಳ್ಸಿ ಗುಬ್ಬಿ ಅಮ್ಮ. ನಿಮ್ ಎದೆ ಜೋರಾಗಿ ಹೊಡ್ಕೋತಿದೆ."

"ನೀನು ಭಾರ ಇದೀಯಲ್ಲ, ಅದಕ್ಕೆ. ಎಲ್ಲರಿಗೂ ಹಾಗೇ ಹೊಡ್ಕೊಳ್ಳುತ್ತೆ. ಕೇಳಿಸ್ಕೋ ಬೇಕಾದ್ರೆ."

ಮಗು ಅನುಮಾನದಿಂದಲೇ ಬೆನ್ನಿಗೆ ಕಿವಿಯಿಟ್ಟಿತು. ಒಂದಷ್ಟು ದೂರ ಹಾಗೇ ಕೇಳಿಸಿಕೊಳ್ಳುತ್ತ ಬಂದಿತು. ಆಮೇಲೆ ಕತ್ತಿನ ಸುತ್ತ ಕೈಗಳು ಬಿಗಿಯಾದವು.

ಸ್ವರ್ಣಕ್ಕ ಬಾಗಿಲಲ್ಲಿ ದೀಪ ಹಚ್ಚಲು ಬಂದವರು ಹಾಗೇ ನಿಂತರು. ಚೀಲ ನೋಡಿದರು, ಮಗುವನ್ನು ನೋಡಿದರು, ಕಡ್ಡಿಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಮೆಟ್ಟಿಲ ಹತ್ತಿರ ಬಂದರೂ ಗಂಗಾಂಬಿಕೆ ಕೂಡಲೇ ಇಳಿಸಲಿಲ್ಲ.

"ತಗೊಳ್ಳಿ ಅತ್ತಿಗೆ," ಎಂದಳು ಕೊನೆಗೆ. "ಸ್ಕೂಲು ಶುರುವಾಗುತ್ತೆ. ರಜಾಕ್ಕೆ ಕಳಿಸ್ಕೊಡಿ."

ಮಾಲಿನಿ ಜಾರಿ ಇಳಿದು ಒಳಗೆ ಓಡಿದಳು. ಧಡಧಡ ಹೆಜ್ಜೆ, ಅಪ್ಪಾಜಿ ಎಂಬ ಕೂಗು, ಏನೋ ಪಾತ್ರೆ ಉರುಳಿದ ಸದ್ದು. ಗಂಗಾಂಬಿಕೆ ಜಗಲಿಯ ಮೇಲೆ ಕೂತು ಆ ಗಲಾಟೆಯನ್ನು ಕೇಳಿದಳು. ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅದು ಇನ್ನೂ ಜೋರಾಗಿಯೇ ಹೊಡೆದುಕೊಳ್ಳುತ್ತಿತ್ತು. ಸ್ವರ್ಣಕ್ಕ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು. ಎದೆ ಸ್ವಿಚ್ಚು ಆರಿಸಿದ ಹಾಗೆ ನಿಲ್ಲಲಿಲ್ಲ. ಭಾರ ಇಳಿಸಿದವರ ಎದೆ ಹೇಗೋ ಹಾಗೆ, ಸ್ವಲ್ಪ ಸ್ವಲ್ಪವಾಗಿ, ತನ್ನ ಪಾಡಿಗೆ ನಿಧಾನವಾಯಿತು.